ಕುಡಿತ ಬಿಡಿಸುವ ಖಾಸಗಿ ಕೇಂದ್ರದ ಬಿಲ್ಲನ್ನು ಸರ್ಕಾರ ಕಟ್ಟಬೇಕೇ? ಪರ–ವಿರೋಧ

ಪರ: ಹಾಸಿಗೆ ಕೊಡೋಕೆ ಆಗದಿದ್ದರೆ ಬಿಲ್ಲಾದರೂ ಕಟ್ಟಲಿ

ನಮ್ಮ ಕಲಬುರಗಿ ಕಡೆ ಮನೆಯಲ್ಲಿ ಒಬ್ಬ ಕುಡಿತಕ್ಕೆ ಬಿದ್ದರೆ ಆಸ್ಪತ್ರೆ ನೆನಪಾಗುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಹರಕೆ. ಆಮೇಲೆ ಹಿರಿಯರನ್ನು ಕೂರಿಸಿ ಆಣೆ-ಪ್ರಮಾಣ. ಅದೂ ಆಗದಿದ್ದರೆ ಯಾರೋ ಹೇಳಿದ ಪುಡಿ, ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವುದು. ಆ ಪುಡಿಯಲ್ಲಿ ಡೈಸಲ್ಫಿರಾಮ್ (ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಔಷಧಿ) ಇದ್ದು, ಅವನು ಅದರ ಮೇಲೆ ಕುಡಿದರೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಪುಡಿ ಮಾರುವವನು ಅದನ್ನು ಹೇಳಲ್ಲ. ಇಷ್ಟೆಲ್ಲ ಆಗುವಷ್ಟರಲ್ಲಿ ತೊಗರಿ ಮಾರಿದ ದುಡ್ಡು ಕರಗಿರುತ್ತದೆ. ಹೆಂಡತಿ ಸಂಘದಲ್ಲಿ ಎತ್ತಿದ ಸಾಲವೂ ಹೋಗಿರುತ್ತದೆ. ಕೊನೆಗೆ ಒಂದು ದಿನ ಬೆಳಿಗ್ಗೆ ಅವನೇ 'ಬಿಡ್ತೀನಿ, ಎಲ್ಲಾದರೂ ಸೇರಿಸ್ರಿ' ಅಂತಾನೆ. ಆ ಬೆಳಿಗ್ಗೆ ಮನೆಯಲ್ಲಿ ಕಾಸಿರಲ್ಲ.

ಆ ಮಾತು ಸಂಜೆವರೆಗೆ ನಿಲ್ಲೋದು ಕಷ್ಟ. ಕುಡಿಯುವವರ ಮನೆಯಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವನು ಒಪ್ಪಿದ ದಿನವೇ ಒಂದು ಹಾಸಿಗೆ ಸಿಗಬೇಕು. ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆಗೆ ಹೋದಾಗ 'ವಾರ್ಡ್ ತುಂಬಿದೆ, ಮುಂದಿನ ವಾರ ಬನ್ನಿ' ಅಂದರೆ ಆ ಮುಂದಿನ ವಾರ ಬರೋದೇ ಇಲ್ಲ.

ಹಾಸಿಗೆ ಯಾಕೆ ಬೇಕು, ಮನೆಯಲ್ಲೇ ಕೂಡಿಹಾಕಿ ಬಿಡಿಸಬಹುದಲ್ವಾ ಅಂತ ಕೇಳುವವರಿದ್ದಾರೆ. ದಿನವೂ ಜಾಸ್ತಿ ಕುಡಿಯುವವನು ಒಮ್ಮೆಗೇ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ನಿದ್ದೆ ಹತ್ತಲ್ಲ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ಮೂರನೇ ದಿನ ಕೆಲವರಿಗೆ ಗೋಡೆ ಮೇಲೆ ಹುಳ ಹರಿದ ಹಾಗೆ ಕಾಣುತ್ತದೆ, ಯಾರೋ ಕರೆದ ಹಾಗೆ ಕೇಳುತ್ತದೆ. ಮಾಲೆ ಹಾಕಿ ಕುಡಿತ ನಿಲ್ಲಿಸಿದವನಿಗೆ ಮೂರನೇ ದಿನ ಹೀಗಾದರೆ ಹಳ್ಳಿಯಲ್ಲಿ 'ಗಾಳಿ ಸೋಕಿದೆ' ಅಂತಾರೆ, ಗಾಣಗಾಪುರಕ್ಕೆ ಕರೆದೊಯ್ಯುತ್ತಾರೆ. ಅವನಿಗೆ ಆ ಹೊತ್ತಿಗೆ ಬೇಕಾಗಿರೋದು ಬಿ1 ವಿಟಮಿನ್ ಇಂಜೆಕ್ಷನ್, ಫಿಟ್ಸ್ ಬಾರದ ಹಾಗೆ ತಡೆಯುವ ಮಾತ್ರೆ, ಮತ್ತೆ ಮತ್ತೆ ಬಂದು ನೋಡುವ ನರ್ಸ್. ತೆಲಂಗಾಣದ ಗಡಿ ಕಡೆ ಸಿಎಚ್ ಪೌಡರ್ (ಕ್ಲೋರಲ್ ಹೈಡ್ರೇಟ್ ಅನ್ನುವ ಮತ್ತು ಬರಿಸುವ ರಾಸಾಯನಿಕ) ಬೆರೆಸಿದ ಸೇಂದಿಗೆ ಒಗ್ಗಿಹೋದವರಿಗೂ ಒಮ್ಮೆಲೇ ನಿಲ್ಲಿಸಿದರೆ ಇದೇ ಗತಿ. ಅಂಥವರನ್ನು ವಾಪಸ್ ಕಳಿಸುವುದು ಜ್ವರ ಬಂದವನನ್ನು ಕಳಿಸಿದಷ್ಟು ಸಣ್ಣ ಮಾತಲ್ಲ.

2019ರಲ್ಲಿ ಬಂದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆ ಪ್ರಕಾರ, ಕುಡಿತ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆ ಸೇರಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಇದು ಇಡೀ ದೇಶದ ಲೆಕ್ಕ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಪರಿಸ್ಥಿತಿ ಇದಕ್ಕಿಂತ ಮೇಲಿರುತ್ತದೆ ಅಂತ ನಂಬೋಕೆ ನನಗಂತೂ ಕಾರಣ ಕಾಣುತ್ತಿಲ್ಲ.

ಇನ್ನು ಕಾನೂನು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಕುಡಿತ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಯನ್ನೂ ಕಾಯಿಲೆ ಅಂತಲೇ ಎಣಿಸುತ್ತದೆ. ಅದರ 18ನೇ ಕಲಂ ಓದಿ. ಕನಿಷ್ಠ ಸೇವೆ ನಿಮ್ಮ ಜಿಲ್ಲೆಯಲ್ಲಿ ಸರ್ಕಾರದಿಂದ ಸಿಗದಿದ್ದರೆ ಅದೇ ಜಿಲ್ಲೆಯ ಬೇರೆ ಕಡೆ ಚಿಕಿತ್ಸೆ ಪಡೆಯಬಹುದು, ಖರ್ಚನ್ನು ಸರ್ಕಾರ ಹೊರಬೇಕು ಅಂತ ಅಲ್ಲಿ ಬರೆದಿದೆ. ಅಂದರೆ ನಾವು ಕೇಳುತ್ತಿರೋದು ಭಿಕ್ಷೆ ಅಲ್ಲ, ಹಕ್ಕು. ಆದರೂ ಬಹುತೇಕ ಖಾಸಗಿ ಕೇಂದ್ರಗಳಲ್ಲಿ ಆಯುಷ್ಮಾನ್ ಕಾರ್ಡ್ ತೋರಿಸಿದರೆ 'ಇದು ಇಲ್ಲಿ ನಡೆಯಲ್ಲ' ಅಂತಾರೆ. ಆರೋಗ್ಯ ವಿಮೆ ಇದ್ದವರ ಪಾಲಿಸಿಯಲ್ಲಿ 'ಕುಡಿತ, ಮಾದಕ ವ್ಯಸನದ ಚಿಕಿತ್ಸೆಗೆ ಹಣ ಕೊಡುವುದಿಲ್ಲ' ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಇದೇ ಕಾಯ್ದೆಯ 21ನೇ ಕಲಂ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ವಿಮೆ ಕೊಡಿ ಅಂದರೂ ಆ ಷರತ್ತು ಹೋಗಿಲ್ಲ.

ದುಡ್ಡು ಎಲ್ಲಿಂದ ಬರಬೇಕು ಅಂತ ಯಾರೂ ಕೇಳಬಾರದು. 2025–26ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಅದರಲ್ಲಿ ನಮ್ಮ ಹಳ್ಳಿಯ ಕೂಲಿ ದುಡ್ಡೂ ಇದೆ. 2007ರ ಜುಲೈ 1ರಂದು ಸಾರಾಯಿ ನಿಲ್ಲಿಸಿದಾಗ ಹೆಣ್ಣುಮಕ್ಕಳು ಖುಷಿಪಟ್ಟಿದ್ದರು. ಕುಡಿಯುವವರು ಅದಕ್ಕಿಂತ ದುಬಾರಿ ಬಾಟಲಿಗೆ ಹೋದರು. ಕುಡಿಸಿ ಗಳಿಸಿದ ಹಣದಲ್ಲಿ ಬಿಡಿಸುವ ಖರ್ಚಿಗೆ ಒಂದು ಪಾಲು ತೆಗೆದಿಡಲಿ. ನೋಂದಣಿ ಇರುವ, ಮನೋವೈದ್ಯರಿರುವ ಕೇಂದ್ರಕ್ಕೆ ಮಾತ್ರ, ಮೊದಲ ಹತ್ತು ದಿನದ ಚಿಕಿತ್ಸೆಗೆ ಮಾತ್ರ, ಸರ್ಕಾರ ಗೊತ್ತು ಮಾಡಿದ ದರದಲ್ಲಿ ಕೊಡಲಿ. ಒಳ್ಳೆ ಸರ್ಕಾರಿ ವಾರ್ಡ್ ಆಗುವ ತನಕ ಕಾಯಿರಿ ಅನ್ನಬಹುದು. ಅಲ್ಲಿಯತನಕ ಸಾಯುವವರ ಮನೆಗೆ ಹೋಗಿ ಅದನ್ನು ಹೇಳೋಕೆ ಆಗಲ್ಲ.

ವಿರೋಧ: ದುಡ್ಡು ಬೇಕು, ಎತ್ತರದ ಕಾಂಪೌಂಡಿನ ಒಳಗೆ ಬೇಡ

ಹಾಸಿಗೆ ಸಾಲಲ್ಲ ಅನ್ನೋದು ನಿಜ. ಅಬಕಾರಿ ದುಡ್ಡಿನಲ್ಲಿ ಪಾಲು ಬೇಕು ಅನ್ನೋದನ್ನೂ ಒಪ್ಪುತ್ತೇನೆ. ಆ ಪಾಲು ಯಾರ ಕೈಗೆ ಹೋಗಬೇಕು ಅನ್ನೋದರಲ್ಲಿ ನನ್ನ ತಕರಾರು.

ವ್ಯಸನಮುಕ್ತಿ ಕೇಂದ್ರ ಅಂತ ಬೋರ್ಡ್ ಹಾಕಿರುವ ಎಷ್ಟೋ ಕಡೆ ಒಳಗೆ ಏನಿರುತ್ತದೆ ನೋಡಿ. ಊರಾಚೆ ಬಾಡಿಗೆ ಮನೆ, ಎತ್ತರದ ಗೋಡೆ, ಕಬ್ಬಿಣದ ಗೇಟು. ದಿನವೂ ಬರುವ ಮನೋವೈದ್ಯರಿಲ್ಲ. ನೋಡಿಕೊಳ್ಳುವವರು ಅಲ್ಲೇ ಇದ್ದು ಕುಡಿತ ಬಿಟ್ಟವರು. 'ನೀವು ಬರೋದು ಬೇಡ, ನಾವೇ ಗಾಡಿ ಕಳಿಸಿ ಎತ್ತಿಕೊಂಡು ಬರ್ತೀವಿ' ಅಂತಾರೆ. ಮೂರು ತಿಂಗಳ ಪ್ಯಾಕೇಜ್, ಮೊದಲೇ ಅಡ್ವಾನ್ಸ್, ಒಂದು ತಿಂಗಳು ಮನೆಯವರಿಗೆ ಫೋನೂ ಇಲ್ಲ. ಹೊಡೆದರೂ ಗೊತ್ತಾಗಲ್ಲ. ಬೇಸತ್ತ ಕುಟುಂಬ 'ಹೇಗೋ ಬಿಡಲಿ' ಅಂತ ಸುಮ್ನೆ ಒಪ್ಪಿಕೊಳ್ಳುತ್ತದೆ. ಆ ಕುಟುಂಬವನ್ನು ನಾನು ಬೈಯಲ್ಲ.

ಆದರೆ ಪರ ವಾದ ಹಿಡಿದುಕೊಂಡ ಅದೇ 2017ರ ಕಾಯ್ದೆ ಇದನ್ನೆಲ್ಲ ಒಪ್ಪಲ್ಲ. ನೋಂದಣಿ ಇಲ್ಲದೆ ಇಂಥ ಕೇಂದ್ರ ನಡೆಸುವಂತಿಲ್ಲ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ. ತಾನಾಗಿ ಸೇರಿದವನು ಮನೆಗೆ ಹೋಗ್ತೀನಿ ಅಂದರೆ ಬಿಡಬೇಕು. ಅವನ ಒಪ್ಪಿಗೆ ಇಲ್ಲದೆ ಸೇರಿಸಬೇಕಾದರೆ ಮನೋವೈದ್ಯರು ಪರೀಕ್ಷಿಸಬೇಕು, ಅದೂ 30 ದಿನದವರೆಗೆ ಮಾತ್ರ. ಅದನ್ನು ದಾಟಿದರೆ ಇದೇ ಕಾಯ್ದೆಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಒಪ್ಪಿಗೆ ಬೇಕು. ಇಷ್ಟು ಕಾನೂನು ಇದ್ದರೂ ಮೂರು ತಿಂಗಳ ಪ್ಯಾಕೇಜ್ ರಾಜಾರೋಷವಾಗಿ ನಡೆಯುತ್ತಿದೆ. ಇದರ ಮೇಲೆ ಸರ್ಕಾರವೇ ದಿನಕ್ಕಿಷ್ಟು ಅಂತ ಬಿಲ್ಲು ಕಟ್ಟೋಕೆ ಶುರು ಮಾಡಿದರೆ ಹಾಸಿಗೆ ಖಾಲಿ ಮಾಡೋಕೆ ಯಾರಿಗೆ ಮನಸ್ಸು ಬಂದೀತು?

'ಷರತ್ತು ಹಾಕಿ ಕೊಡಲಿ' ಅನ್ನುವ ಮಾತು ಕೇಳೋಕೆ ಚೆಂದ. ಕಲಬುರಗಿ ಜಿಲ್ಲೆಯವರಿಗೆ ಷರತ್ತಿನ ಬೆಲೆ ಗೊತ್ತಿರಬೇಕು. ಹತ್ತು ವರ್ಷದ ಹಿಂದೆ ಇದೇ ಜಿಲ್ಲೆಯ ತಾಂಡಾಗಳ ಬಡ ಹೆಣ್ಣುಮಕ್ಕಳು ಹೊಟ್ಟೆನೋವು, ಬಿಳಿಸೆರಗು ಅಂತ ಖಾಸಗಿ ಆಸ್ಪತ್ರೆಗೆ ಹೋದರೆ ಬೇಕಿಲ್ಲದಿದ್ದರೂ ಗರ್ಭಕೋಶ ತೆಗೆದುಹಾಕಿದ ಪ್ರಕರಣ ಬಯಲಾಯಿತು. ಆ ಆಸ್ಪತ್ರೆಗಳಿಗೂ ಲೈಸೆನ್ಸ್ ಇತ್ತು. ಕೇಳುವವರಿಲ್ಲದ ರೋಗಿ, ಲಾಭ ಕಂಡ ಆಸ್ಪತ್ರೆ, ತಪಾಸಣೆಗೆ ಬಾರದ ಅಧಿಕಾರಿ: ಈ ಮೂರೂ ಸೇರಿದರೆ ಏನಾಗುತ್ತದೆ ಅಂತ ನಾವು ನೋಡಿದ್ದೇವೆ. ಕುಡಿಯುವವನಂತೂ ಏನು ಹೇಳಿದರೂ ಊರು ನಂಬಲ್ಲ.

ಚಿಕಿತ್ಸೆಯ ಲೆಕ್ಕ ನೋಡಿ. ನಡುಕ, ಫಿಟ್ಸ್ ಹಂತ ದಾಟೋಕೆ ವಾರ, ಹತ್ತು ದಿನ ಸಾಕು. ಕಷ್ಟ ಶುರುವಾಗೋದು ಮನೆಗೆ ಬಂದ ಮೇಲೆ. ಸಂಜೆ ಆಗುತ್ತಲೇ ಹಳೇ ಗೆಳೆಯರು, ವಾರದ ಕೂಲಿ ಕೈಗೆ ಬಂದ ದಿನ, ಜಾತ್ರೆ, ಮದುವೆ. ಆಗ ಬೇಕಾಗೋದು ಆಸೆ ತಗ್ಗಿಸುವ ಮಾತ್ರೆ, ತಿಂಗಳಿಗೊಮ್ಮೆ ಮಾತಾಡಿಸುವ ಡಾಕ್ಟರು, ಜಾರಿ ಬಿದ್ದರೆ ಬೈಯದೆ ಮತ್ತೆ ಒಳಗೆ ಬಿಟ್ಟುಕೊಳ್ಳುವ ಜಾಗ. ಒಂದೆರಡು ವರ್ಷದ ಕೆಲಸ ಇದು. ದೂರದ ಕೇಂದ್ರದಲ್ಲಿ ಮೂರು ತಿಂಗಳು ಕೂಡಿಹಾಕಿದವನು ಸುರಪುರಕ್ಕೋ ಔರಾದ್‌ಗೋ ವಾಪಸ್ ಬಂದ ಮೇಲೆ ಆ ಕೇಂದ್ರ ಅವನ ಪಾಲಿಗೆ ಇಲ್ಲ.

ಹತ್ತಿರದಲ್ಲಿ ಇರುವುದನ್ನೇ ನಾವು ಬಳಸುತ್ತಿಲ್ಲ. ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್: ಮೂರೂ ಜಿಲ್ಲೆಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಮನೋಚೈತನ್ಯ ಅನ್ನುವ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಲ್ಲಿ ಸಂಸ್ಥೆಗಳು ನಡೆಸುವ ಕೇಂದ್ರಗಳಲ್ಲಿ ಚಿಕಿತ್ಸೆ ಉಚಿತ. ಎಲ್ಲಿದೆ ಅಂತ ಕೇಳೋಕೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಬಹುದು. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಲ ಮಾಡಿ ಅಡ್ವಾನ್ಸ್ ಕಟ್ಟಿದ ಮೇಲೆ ಇವನ್ನೆಲ್ಲ ತಿಳಿದು ಮರುಗುವವರು ಬೇಕಾದಷ್ಟು ಜನ.

ಸರ್ಕಾರಿ ಆಸ್ಪತ್ರೆಗೆ ಜನ ಯಾಕೆ ಹೋಗಲ್ಲ? ಚಿಕಿತ್ಸೆ ಉಚಿತವಾದರೂ ಹೋಗಿಬರೋದು, ಇರೋದು ಉಚಿತ ಅಲ್ಲ. ರೋಗಿ ಜೊತೆ ಒಬ್ಬರು ಇರಬೇಕು ಅಂತಾರೆ. ಹೆಂಡತಿ ಹತ್ತು ದಿನ ವಾರ್ಡಿನಲ್ಲಿ ಕೂತರೆ ಹತ್ತು ದಿನದ ಕೂಲಿ ಹೋಯಿತು. ಮಕ್ಕಳನ್ನು ನೋಡೋರು ಯಾರು? ಶಕ್ತಿ ಯೋಜನೆಯಿಂದ ಅವಳಿಗೆ ಬಸ್ ಫ್ರೀ, ತಿಂಗಳಿಗೊಮ್ಮೆ ಮಾತ್ರೆಗೆ ಬರಬೇಕಾದ ಗಂಡನಿಗೆ ಟಿಕೆಟ್. ಆ ಟಿಕೆಟ್ ದುಡ್ಡು ಇಲ್ಲದ್ದಕ್ಕೇ ಎರಡನೇ ತಿಂಗಳು ಬಾರದೆ ಮತ್ತೆ ಬಾಟಲಿಗೆ ಹೋಗುವವರಿದ್ದಾರೆ. ಅಬಕಾರಿ ಪಾಲು ಇಲ್ಲಿಗೆ ಬರಲಿ: ಜೊತೆಗಿರುವವರಿಗೆ ದಿನದ ಕೂಲಿ, ಮಾತ್ರೆಗೆ ಬರುವವನಿಗೆ ಬಸ್ ಪಾಸ್, ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷಪೂರ್ತಿ ಮಾತ್ರೆ ಸ್ಟಾಕ್.

ಊರಿನ ಬಲವೂ ಬೇಕು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ 'ನಿಮ್ಮ ಚಟ ನನ್ನ ಜೋಳಿಗೆಗೆ ಹಾಕಿ' ಅಂತ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರವೇ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಹಳ್ಳಿಗಳಲ್ಲೇ ಮದ್ಯವರ್ಜನ ಶಿಬಿರ ಮಾಡುತ್ತದೆ. ಊರ ಕಣ್ಣೆದುರೇ ಬಿಟ್ಟವನಿಗೆ ಊರೇ ಕಾವಲಿರುತ್ತದೆ. ಆದರೆ ಶಿಬಿರಕ್ಕೆ ಕೂರಿಸುವ ಮೊದಲು ಫಿಟ್ಸ್ ಬರುವ ಅಪಾಯ ಇದೆಯಾ ಅಂತ ಡಾಕ್ಟರು ನೋಡಲೇಬೇಕು. ಈ ವಿಷಯದಲ್ಲಿ ಪರ ವಾದದ ಜೊತೆ ನನ್ನದು ಒಂದೇ ಮಾತು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಸರ್ಕಾರ ಘೋಷಿಸುವುದು ವರ್ಷಕ್ಕೆ 5,000 ಕೋಟಿ. ಸಂವಿಧಾನದಲ್ಲಿ 371ಜೆ ವಿಧಿ ತಂದಿದ್ದೇ ಈ ಭಾಗ ಹಿಂದೆ ಉಳಿದಿದೆ ಅಂತ. ಮೂರು ಮೆಡಿಕಲ್ ಕಾಲೇಜುಗಳಲ್ಲಿ ವ್ಯಸನದ ರೋಗಿಗಳಿಗೇ ಮೀಸಲಾದ ವಾರ್ಡ್, ಒಪ್ಪಿ ಬಂದವನನ್ನು ಅದೇ ದಿನ ಸೇರಿಸಿಕೊಳ್ಳುವ ನಿಯಮ, ಖಾಲಿ ಇರುವ ಕೌನ್ಸೆಲರ್ ಹುದ್ದೆಗಳ ಭರ್ತಿ: ಮಂಡಳಿಯ ಮುಂದಿನ ಕ್ರಿಯಾಯೋಜನೆಗೆ ನಮ್ಮ ಶಾಸಕರಿಗೆ ಹೇಳಿ ಇಷ್ಟನ್ನು ಸೇರಿಸಿ. ಅಲ್ಲಿಯವರೆಗೆ ಯಾರನ್ನಾದರೂ ಖಾಸಗಿ ಕೇಂದ್ರಕ್ಕೆ ಸೇರಿಸಲೇಬೇಕಾಗಿ ಬಂದರೆ ಅಡ್ವಾನ್ಸ್ ಕೊಡುವ ಮುನ್ನ ಅಲ್ಲಿನ ನೋಂದಣಿ ಪತ್ರ ತೋರಿಸಿ ಅನ್ನಿ. ಮನೋವೈದ್ಯರು ವಾರದಲ್ಲಿ ಯಾವ ಯಾವ ದಿನ ಬರುತ್ತಾರೆ ಕೇಳಿ. ಒಳಗೆ ಹೋಗಿ ಮಲಗುವ ಕೋಣೆ ನೋಡಿ. ಒಳಗೆ ಬಿಡದಿದ್ದರೆ ಅವನನ್ನು ಕರೆದುಕೊಂಡು ಅದೇ ಆಟೋದಲ್ಲಿ ಜಿಲ್ಲಾ ಆಸ್ಪತ್ರೆಗೆ ನಡೆಯಿರಿ.