ವಿಳಾಸ ತಪ್ಪಿದ ಹೊಗಳಿಕೆ

‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾದಲ್ಲಿ ಹೆಲ್ಮ್ಸ್ ಡೀಪ್ ಕೋಟೆಗೆ ಎಲ್ಫ್‌ಗಳ ಸೈನ್ಯ ಬಂದು ನಿಲ್ಲುವ ದೃಶ್ಯಕ್ಕೆ ನನ್ನ ಕಣ್ಣು ಪ್ರತಿ ಸಲವೂ ಒದ್ದೆಯಾಗುತ್ತದೆ. ಹೊರಗೆ ಹತ್ತು ಸಾವಿರ ಶತ್ರುಗಳು. ಒಳಗೆ ಮುದುಕರು, ಮಕ್ಕಳು, ಅವರ ಕೈಗೆ ಹೊಂದದ ಕತ್ತಿಗಳು. ಆಗ ಕೊಂಬಿನ ಸದ್ದು. ಹಳೇ ಸ್ನೇಹ ನೆನಪಿಟ್ಟುಕೊಂಡು, ಮುಪ್ಪೇ ಬರದ ಜನ ಸಾಯಲು ಬಂದಿದ್ದಾರೆ. ಕಳೆದ ಮಳೆಗಾಲದ ಒಂದು ಭಾನುವಾರ ಟಿವಿಯಲ್ಲಿ ಇದನ್ನು ನೋಡುತ್ತಾ, “ಆಹಾ, ಟೋಲ್ಕೀನ್ ಎಂಥಾ ಬರಹಗಾರ!” ಅಂದೆ.

ಪಕ್ಕದಲ್ಲಿ ಹುರಿಗಡಲೆ ತಿನ್ನುತ್ತಿದ್ದ ಅಕ್ಕನ ಮಗಳು ತಲೆ ಕೂಡ ಎತ್ತಲಿಲ್ಲ. “ಮಾಮ, ಅದು ಪುಸ್ತಕದಲ್ಲಿ ಇಲ್ಲವೇ ಇಲ್ಲ.”

ಅವಳು ‘ಲಾರ್ಡ್ ಆಫ್ ದಿ ರಿಂಗ್ಸ್’ ಮೂರು ಸಲ ಓದಿದ್ದಾಳೆ. ನಾನು ಮುಟ್ಟಿಲ್ಲ. 1954–55ರಲ್ಲಿ ಮೂರು ಸಂಪುಟವಾಗಿ ಬಂದ ಪುಸ್ತಕ. ಅವಳ ಹತ್ತಿರ ಇರುವುದು ಮೂರನ್ನೂ ಒಟ್ಟಿಗೆ ಹೊಲಿದ ಪ್ರತಿ. ಮಡಿಸಿದ ಅಂಗಿಯ ಮೇಲೆ ಇಟ್ಟರೆ ಇಸ್ತ್ರಿ ಬೇಡ, ಅಷ್ಟು ತೂಕ. ನಾನು ನೋಡಿದ್ದು ಪೀಟರ್ ಜಾಕ್ಸನ್ 2001ರಿಂದ 2003ರವರೆಗೆ ವರ್ಷಕ್ಕೊಂದರಂತೆ ಕೊಟ್ಟ ಮೂರು ಸಿನಿಮಾ. ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಹಾಗಾಗಿ ತೀರ್ಪು ಕೊಡುವ ಹಕ್ಕು ನನಗಿದೆ ಅಂತ ನನ್ನ ನಂಬಿಕೆ.

ಹೊಗಳಿಕೆ ವಿಳಾಸ ತಪ್ಪಿತು, ಹೋಗಲಿ. ಬೈಗುಳವಾದರೂ ಸರಿಯಾದ ಮನೆಗೆ ಹೋಗಲಿ ಅಂತ ಮೂರನೇ ಭಾಗಕ್ಕೆ ಬಂದೆ. ನಾಯಕ ಫ್ರೋಡೊ ಹೊತ್ತು ತಂದ ಮಾಯದ ಉಂಗುರ ಬೆಂಕಿಗೆ ಬಿದ್ದ ಮೇಲೂ ಆ ಸಿನಿಮಾ ಮುಗಿಯುವುದಿಲ್ಲ. ಪರದೆ ಕಪ್ಪಾಗುತ್ತದೆ. ಎದ್ದು ಚಪ್ಪಲಿ ಹುಡುಕಬೇಕು, ಮತ್ತೆ ಬೆಳಕು. ಪಟ್ಟಾಭಿಷೇಕ. ಮತ್ತೆ ಊರು, ಒಂದು ಮದುವೆ, ಆಮೇಲೆ ಹಡಗು. ನಮ್ಮ ನೆಂಟರು ಹೊರಡುವ ಹಾಗೆಯೇ. ‘ಬರ್ತೀವಿ’ ಅಂತ ಹೇಳಿಯಾದ ಮೇಲೆ ಗೇಟಿನ ಹತ್ತಿರ ಇನ್ನೂ ಅರ್ಧ ಗಂಟೆ. “ಈ ಜಾಕ್ಸನ್‌ಗೆ ಕತ್ತರಿ ಹಿಡಿಯೋಕೇ ಬರಲ್ಲ” ಅಂದೆ.

“ಪುಸ್ತಕದಲ್ಲಿ ಉಂಗುರ ಕರಗಿದ ಮೇಲೆ ಆರು ಅಧ್ಯಾಯ ಇದೆ ಮಾಮ. ಫ್ರೋಡೊ ಕಡೆಯವರು ಊರಿಗೆ ವಾಪಸ್ ಬಂದರೆ ಅಲ್ಲಿ ಆ ಕೆಟ್ಟ ಮಂತ್ರವಾದಿ ಸಾರುಮನ್ ಇರುತ್ತಾನೆ. ಮರ ಎಲ್ಲ ಕಡಿಸಿ ಊರು ಹಾಳು ಮಾಡಿರುತ್ತಾನೆ. ಅವನ ಕಡೆಯವರನ್ನು ಓಡಿಸೋಕೆ ಇನ್ನೊಂದು ಹೊಡೆದಾಟ. ಜಾಕ್ಸನ್ ಅದನ್ನೆಲ್ಲ ಕತ್ತರಿಸಿಯೇ ಇಷ್ಟಾಗಿರೋದು.”

ಅಂದರೆ ಕತ್ತರಿಸಿದವನಿಗೆ, ಕತ್ತರಿಸಲಿಲ್ಲ ಅಂತ ಬೈದಿದ್ದೆ.

“ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅನ್ನೋಕೆ ಅಡುಗೆ ಕಲಿತಿರಬೇಕಾ?” ಅಂತ ಕೇಳಿದೆ. ನನ್ನ ಕಡೇ ಬಾಣ ಅದು.

“ಉಪ್ಪು ಜಾಸ್ತಿ ಅಂತ ಹೇಳಬಹುದು. ಹಾಕಿದ್ದು ಯಾರು ಅಂತ ಹೇಳೋಕಾಗಲ್ಲ.”

ಇದಕ್ಕೆ ಉತ್ತರ ಹೊಳೆಯದೆ ಪಂಪನ ಸಹಾಯ ಕೇಳಿದೆ. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಮೂಲದಲ್ಲಿ ಹಾಗಿಲ್ಲ ಅಂತ ಅವನ ಕಾವ್ಯವನ್ನು ಯಾರು ಕೈಬಿಟ್ಟರು? ನಿನ್ನ ಅಜ್ಜಿ ಕರ್ಣನಿಗಾಗಿ ಅಳುತ್ತಿದ್ದದ್ದು ಬಯಲಾಟ ನೋಡಿ, ವ್ಯಾಸರನ್ನು ಓದಿ ಅಲ್ಲ, ಅಲ್ವಾ? “ಅಜ್ಜಿಗೆ ಕಥೆ ಮೊದಲೇ ಗೊತ್ತಿತ್ತಲ್ಲ” ಅಂದಳು. “ನಿಂಗೆ?”

ಓದದವನಿಗೂ ಒಂದು ಸುಖವಿದೆ. ಟಾಮ್ ಬೊಂಬಡಿಲ್ ಅನ್ನುವವನನ್ನು ಸಿನಿಮಾಕ್ಕೆ ಸೇರಿಸಲಿಲ್ಲ ಅಂತ ಅವಳಿಗೆ ಇನ್ನೂ ಸಂಕಟ. ಗುರುತೇ ಇಲ್ಲದ ಮನುಷ್ಯ ಬರಲಿಲ್ಲ ಅಂತ ನಾನು ಹೇಗೆ ಅಳಲಿ? ಸೇತುವೆಯ ಮೇಲೆ ಮಂತ್ರವಾದಿ ಗ್ಯಾಂಡಾಲ್ಫ್ ದೈತ್ಯನೊಬ್ಬನನ್ನು ತಡೆದು ಕೋಲು ಕುಟ್ಟಿ ಕೂಗುವಾಗಲೂ ಅಷ್ಟೇ. ನನಗೆ ರೋಮಾಂಚನ, ಅವಳಿಗೆ ಒಂದು ಪದದ ತಕರಾರು. ಸಿನಿಮಾದಲ್ಲಿ ಅವನು ಹೇಳುವುದು ‘ನೀನು ದಾಟಕೂಡದು’ ಅಂತ. ಪುಸ್ತಕದಲ್ಲಿರುವುದು ‘ನೀನು ದಾಟಲಾರೆ’. ಇದೇನು ಮಹಾ ಅಂದುಕೊಂಡೆ. ರಾತ್ರಿ ಮಲಗಿದಾಗ ಎರಡನ್ನೂ ನಾಲಿಗೆಯ ಮೇಲೆ ಇಟ್ಟು ನೋಡಿದೆ. ಕೂಡದು ಅನ್ನುವುದು ಅಪ್ಪಣೆ, ಮೀರಬಹುದು. ಲಾರೆ ಅನ್ನುವಾಗ ಬಾಗಿಲು ಆಗಲೇ ಹಾಕಿಯಾಗಿದೆ. ಕೂಗುವ ಅಗತ್ಯವೂ ಇಲ್ಲ. ಈ ಒಂದು ಪದದ ಮಟ್ಟಿಗೆ ಪುಸ್ತಕ ಗೆದ್ದಿತು. ಅವಳಿಗೆ ಹೇಳಿಲ್ಲ.

ಆದರೆ ಸಾರುಮನ್ ವಿಷಯದಲ್ಲಿ ನಾನು ಬಿಡಲಿಲ್ಲ. ಎರಡು ಭಾಗ ಪೂರ್ತಿ ಗೋಪುರದಲ್ಲಿ ಕೂತು ಕಾಟ ಕೊಟ್ಟವನು, 11 ಆಸ್ಕರ್ ಪಡೆದ ಮೂರನೇ ಭಾಗ ಚಿತ್ರಮಂದಿರಕ್ಕೆ ಬಂದಾಗ ಪತ್ತೆಯೇ ಇಲ್ಲ. ಅವನಿಗೇನಾಯಿತು ಅಂತ ತೋರಿಸುವ ದೃಶ್ಯ ಆಮೇಲೆ ಬಂದ ಉದ್ದನೆಯ ಆವೃತ್ತಿಯಲ್ಲಿದೆ. ಓದಿದವರಿಗೇನು, ಅವನ ಗತಿ ಪುಸ್ತಕದಲ್ಲಿ ಗೊತ್ತಿತ್ತು. ಟಿಕೆಟ್ ಕೊಂಡು ಕೂತ ನನ್ನಂಥವನು ಏನು ಮಾಡಬೇಕು? ಪುಸ್ತಕದ ಹಾಗೆ ಇಲ್ಲ ಅನ್ನುವುದು ಸಿನಿಮಾದ ತಪ್ಪಲ್ಲ. ಪುಸ್ತಕ ಓದಿದ್ದರೆ ಮಾತ್ರ ಅರ್ಥವಾಗುತ್ತದೆ ಅನ್ನುವುದು ತಪ್ಪು. ಅದನ್ನು ಹಿಡಿಯಲು ಓದದೇ ಇರುವವನೇ ಬೇಕು. ಇದನ್ನು ಅವಳೂ ಒಪ್ಪಿದಳು. ಒಪ್ಪಿ, ಒಳಗೆ ಹೋಗಿ, ಆ ಪುಸ್ತಕ ತಂದು ನನ್ನ ತೊಡೆಯ ಮೇಲೆ ಇಟ್ಟಳು.

ಶುರುವಿನಲ್ಲೇ ಫ್ರೋಡೊನ ಕುಲದವರಾದ ಹಾಬಿಟ್‌ಗಳ ಬಗ್ಗೆ ಉದ್ದದ ಪೀಠಿಕೆ. ಅದರೊಳಗೆ ಅವರು ಸೇದುವ ಸೊಪ್ಪಿನ ಇತಿಹಾಸಕ್ಕೇ ಒಂದು ಭಾಗ. ಅದನ್ನು ದಾಟಲು ನನಗೆ ಮೂರು ಮಧ್ಯಾಹ್ನ ಬೇಕಾದವು, ಮೂರರಲ್ಲೂ ಒಳ್ಳೆಯ ನಿದ್ದೆ ಬಂತು.

ಒಂದು ತಿಂಗಳಾದ ಮೇಲೆ ಅವಳ ಫೋನು. “ಎಲ್ಲಿಗೆ ಬಂತು ಮಾಮ?”

“ಫ್ರೋಡೊ ಇನ್ನೂ ಮನೆ ಬಿಟ್ಟಿಲ್ಲ” ಅಂದೆ. ಸಿನಿಮಾದಲ್ಲಿ ಅವನ ಹಿರಿಯ ನೆಂಟ ಬಿಲ್ಬೋ ಊರು ಬಿಟ್ಟ ಸ್ವಲ್ಪ ಹೊತ್ತಿಗೇ ಇವನ ಗಂಟುಮೂಟೆ ತಯಾರು. ಪುಸ್ತಕದಲ್ಲಿ ನಡುವೆ 17 ವರ್ಷ. ಅವನಿಗೇ ಇಲ್ಲದ ಅವಸರ ನನಗೇಕೆ?