ಬೀರುವಿನಲ್ಲಿ ಐದು ಹಾಜರಾತಿ ವ್ಯವಸ್ಥೆಗಳಿವೆ, ಹಾಜರಿ ಪುಸ್ತಕ ಇನ್ನೂ ನನ್ನ ಕೈಯಲ್ಲೇ ಇದೆ

ಕಳೆದ ತಿಂಗಳು ನಮ್ಮ ವಿಭಾಗದ ಹಳೆಯ ಬೀರುಗಳನ್ನು ಖಾಲಿ ಮಾಡಬೇಕಾಗಿ ಬಂತು. ತಪಾಸಣಾ ಸಮಿತಿ ಬರುವುದರೊಳಗೆ ಗೋಡೆಗೆ ಬಣ್ಣ ಆಗಬೇಕು, ಬಣ್ಣ ಆಗಬೇಕಾದರೆ ಬೀರು ಸರಿಯಬೇಕು, ಬೀರು ಸರಿಯಬೇಕಾದರೆ ಒಳಗಿನ ಹೊರೆ ಇಳಿಯಬೇಕು. ಹೊರೆ ಎಂದರೆ ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದ ಪ್ರಾಜೆಕ್ಟ್ ವರದಿಗಳು. ಗಟ್ಟಿ ರಟ್ಟು, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ, ಹಿಂಬದಿಯ ರಟ್ಟಿಗೆ ಅಂಟಿಸಿದ ಲಕೋಟೆ, ಲಕೋಟೆಯೊಳಗೆ ಒಂದು ಸಿಡಿ. "ತೂಕಕ್ಕೆ ಹಾಕಿಬಿಡೋಣವೇ ಮೇಡಂ? ರಟ್ಟು ಕಿತ್ತು ಕೊಟ್ಟರೆ ಒಳ್ಳೆಯ ರೇಟು ಸಿಗುತ್ತದೆ" ಎಂದರು ನಮ್ಮ ಅಟೆಂಡರ್. ಒಂದು ದಿನ ತಡೆಯಿರಿ ಎಂದು ಹೇಳಿ, ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಕುಳಿತೆ.

ಮಧ್ಯಾಹ್ನದ ಹೊತ್ತಿಗೆ ನನ್ನ ಪಕ್ಕದಲ್ಲಿ ಐದು ವರದಿಗಳ ಒಂದು ಗುಡ್ಡೆ ಬಿದ್ದಿತ್ತು. ಐದೂ ತರಗತಿಯ ಹಾಜರಾತಿಯ ಬಗ್ಗೆಯೇ. ಮೊದಲನೆಯದರಲ್ಲಿ ಕಾರ್ಡ್ ತೋರಿಸಿ ಹಾಜರಿ ಹಾಕುವುದು, ಎರಡನೆಯದರಲ್ಲಿ ಬೆರಳಚ್ಚು, ಮೂರನೆಯದರಲ್ಲಿ ಮುಖ ಗುರುತಿಸುವುದು, ನಾಲ್ಕನೆಯದರಲ್ಲಿ ಮತ್ತೆ ಮುಖವೇ, ಆದರೆ ಡೀಪ್ ಲರ್ನಿಂಗ್ ಸೇರಿಸಿ. ಐದನೆಯದು ಮೊಬೈಲ್ ಆ್ಯಪ್. ಎಲ್ಲದರ ಕೊನೆಯ ಅಧ್ಯಾಯದಲ್ಲೂ ಒಂದೇ ಮಾತು: ಈ ವ್ಯವಸ್ಥೆಯನ್ನು ಮುಂದೆ ಇಡೀ ಕಾಲೇಜಿಗೆ ವಿಸ್ತರಿಸಬಹುದು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನಾನು ಎಂದಿನಂತೆ ಹಾಜರಿ ಪುಸ್ತಕ ಬಿಡಿಸಿ, "ನಂಬರ್ ಒನ್" ಎಂದು ಕೂಗಿದೆ.

ನಗು ಬಂತು ನಿಜ. ಆದರೆ ನಾಲ್ಕನೆಯ ವರದಿಯ ಎರಡನೇ ಅಧ್ಯಾಯ ಓದಿದಾಗ ನಗು ನಿಂತಿತು. ಹಿಂದೆ ಯಾರು ಯಾರು ಏನೇನು ಮಾಡಿದ್ದಾರೆ ಎಂದು ಹೇಳುವ ಅಧ್ಯಾಯ ಅದು. ಹುಡುಗರು ಚೀನಾದ್ದು, ಟರ್ಕಿಯದ್ದು, ಮಲೇಷ್ಯಾದ್ದು ಎಂದು ಹತ್ತು ಹದಿನೈದು ಪ್ರಬಂಧಗಳನ್ನು ಪಟ್ಟಿ ಮಾಡಿದ್ದರು. ಅದೇ ಬೀರುವಿನಲ್ಲಿ, ಎರಡು ಅರೆಗಳ ಮೇಲೆ ಕುಳಿತಿದ್ದ ಮೂರನೆಯ ವರದಿಯ ಹೆಸರು ಮಾತ್ರ ಅದರಲ್ಲಿ ಇರಲಿಲ್ಲ. ಎರಡಕ್ಕೂ ಗೈಡ್ ಯಾರು ಎಂದು ಕೇಳಬೇಡಿ. ನಾನೇ.

ಇದರಲ್ಲಿ ಹುಡುಗರ ತಪ್ಪು ಸ್ವಲ್ಪ, ನಮ್ಮ ನಿಯಮದ ತಪ್ಪು ಬಹಳ. ಪ್ರತಿ ವರ್ಷ ಶೀರ್ಷಿಕೆ ಹೊಸದಾಗಿರಬೇಕು ಎಂಬುದು ನಮ್ಮಲ್ಲಿ ಅಲಿಖಿತ ಶಾಸನ. ಹಿಂದಿನವರು ಮಾಡಿದ್ದನ್ನು ಮುಟ್ಟಿದರೆ ನಕಲು ಎನ್ನುತ್ತಾರೆ. ಹಾಗಾಗಿ ಪ್ರತಿ ತಂಡವೂ ಸೊನ್ನೆಯಿಂದ ಶುರು ಮಾಡುತ್ತದೆ, ಲಾಗಿನ್ ಪುಟ ಬರೆಯುತ್ತದೆ, ಡೇಟಾಬೇಸ್ ಕಟ್ಟುತ್ತದೆ, ಅಷ್ಟರಲ್ಲಿ ವೈವಾ ಬಂದುಬಿಡುತ್ತದೆ. ಹೊಸತನ ಬೇಕು ಎಂಬ ಹಠದಿಂದಲೇ ನಮ್ಮಲ್ಲಿ ಯಾವುದೂ ಲಾಗಿನ್ ಪುಟದಿಂದ ಮುಂದೆ ಹೋಗುವುದಿಲ್ಲ. (ದುಡ್ಡು ಕೊಟ್ಟರೆ ಕೋಡ್, ವರದಿ, ಪಿಪಿಟಿ ಮೂರನ್ನೂ ಕಟ್ಟಿಕೊಡುವ ಅಂಗಡಿಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಇನ್ನೊಂದು ದಿನ, ಇನ್ನಷ್ಟು ಸಿಟ್ಟು ಬೇಕು.)

ಈ ಶಾಸನವನ್ನು ಒಮ್ಮೆ ಮುರಿಯಲು ನೋಡಿದ್ದೆ. ಆ ಕತೆ ಹೇಳುತ್ತೇನೆ.

ಹಲವು ವರ್ಷಗಳ ಹಿಂದೆ ಒಂದು ತಂಡ, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಹಳೆಯ ಕಡತಗಳನ್ನು ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತಗಳಿಗೆ ಬದಲಿಸುವ ಪ್ರೋಗ್ರಾಂ ಬರೆದಿತ್ತು. ವೈವಾದಲ್ಲಿ ಅದು ಚೆನ್ನಾಗಿಯೇ ಓಡಿತು, ಅಂಕವೂ ಬಂತು. ಪರೀಕ್ಷಕರಾಗಲಿ ನಾನಾಗಲಿ ಗಮನಿಸದೆ ಹೋದದ್ದು ಒಂದೇ: ಅದು ಕರ್ನಾಟಕವನ್ನು "ಕನಾರ್ಟಕ" ಮಾಡುತ್ತಿತ್ತು. ಈ ಕನಾರ್ಟಕವನ್ನು ನೀವೂ ಎಲ್ಲೋ ಒಂದು ಕಡೆ ಕಂಡಿರುತ್ತೀರಿ. ಕಾರಣ ಸರಳ. ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ "ನಾ" ಆದ ಮೇಲೆ ಕೂರುತ್ತದೆ. ಯೂನಿಕೋಡ್ ನಾಲಿಗೆಯ ಕ್ರಮವನ್ನು ಕೇಳುತ್ತದೆ, ಮೊದಲು "ರ್", ಆಮೇಲೆ "ನಾ". ಅರ್ಕಾವತ್ತನ್ನು ಎತ್ತಿ ಹಿಂದಕ್ಕೆ ತರದಿದ್ದರೆ ಧರ್ಮ "ಧಮರ್" ಆಗುತ್ತದೆ.

ಎರಡು ವರ್ಷದ ಮೇಲೆ ಇನ್ನೊಂದು ತಂಡಕ್ಕೆ, "ಹೊಸದೇನೂ ಬೇಡ, ಇದನ್ನು ಸರಿ ಮಾಡಿ" ಎಂದೆ. ವಿಭಾಗದ ಸಭೆಯಲ್ಲಿ ಶೀರ್ಷಿಕೆ ತಿರಸ್ಕೃತವಾಯಿತು. ಹೆಸರಿನ ಹಿಂದೆ "ಎನ್‌ಹ್ಯಾನ್ಸ್ಡ್" (ಸುಧಾರಿತ) ಎಂಬ ಪದ ಸೇರಿಸಿದ ಮೇಲೆ ಅಂಗೀಕೃತವಾಯಿತು! ಆಮೇಲೆ ಸಿಡಿ ತೆಗೆದರೆ ಅದರ ಬೆಳ್ಳಿಯ ಪದರ ಹಪ್ಪಳದಂತೆ ಎದ್ದಿತ್ತು. ಬರೆದ ಹುಡುಗರಿಗೆ ಫೋನ್ ಮಾಡಿದರೆ ಒಬ್ಬನ ಲ್ಯಾಪ್‌ಟಾಪ್ ಕೆಟ್ಟಿದೆ, ಒಬ್ಬಳು ಊರಲ್ಲಿ ಇಲ್ಲ, ಇನ್ನೊಬ್ಬ "ಕೋಡ್ ಎಲ್ಲ ಅವಳ ಹತ್ತಿರವೇ ಇತ್ತು ಮೇಡಂ" ಎಂದ. ಕೊನೆಗೆ ವರದಿಯ ಹಿಂದೆ ಅಚ್ಚಾಗಿದ್ದ ನಲವತ್ತು ಪುಟಗಳ ಕೋಡನ್ನು ಈ ಹುಡುಗರು ನೋಡಿ ನೋಡಿ ಟೈಪ್ ಮಾಡಿದರು. ಅದು ಓಡುವ ಸ್ಥಿತಿಗೆ ಬರಲು ಎರಡು ತಿಂಗಳು ಹಿಡಿಯಿತು.

ಅಸಲು ಕೆಲಸಕ್ಕೆ ಹಿಡಿದದ್ದು ಮೂರು ವಾರ. ಮೊದಲ ಪ್ರಯತ್ನದಲ್ಲಿ ಅರ್ಕಾವತ್ತನ್ನು ಒಂದು ಹೆಜ್ಜೆ ಹಿಂದಕ್ಕೆ ತಂದರು. ಕರ್ನಾಟಕ ಸರಿಯಾಯಿತು, ಸಾಮರ್ಥ್ಯ ಕೆಟ್ಟಿತು. "ಥ"ದ ಕೆಳಗೆ ಒತ್ತಕ್ಷರ ಇರುವುದರಿಂದ ಒಂದು ಹೆಜ್ಜೆ ಸಾಲದು, ಇಡೀ ಗುಣಿತ ಒತ್ತಕ್ಷರಗಳ ಗೊಂಚಲನ್ನು ದಾಟಿ ಹೋಗಬೇಕು. ಅದನ್ನು ಕಂಡುಹಿಡಿದ ಹುಡುಗಿ ಲ್ಯಾಬಿನಿಂದ ಓಡಿ ಬಂದು, "ಮೇಡಂ, ಸಾಮರ್ಥ್ಯ ಬಂತು!" ಎಂದಳು. ಇಷ್ಟು ವರ್ಷಗಳ ಪಾಠದಲ್ಲಿ ಇಂಥ ಮಾತು ನಾನು ಕೇಳಿದ್ದು ಕಡಿಮೆ. ಬೇರೆಯವರ ಕೋಡ್ ಓದಿ, ಅದರ ತಪ್ಪು ಎಲ್ಲಿದೆ ಎಂದು ಹಿಡಿದು, ಬೇರೆ ಏನನ್ನೂ ಕೆಡಿಸದೆ ತಿದ್ದುವುದು. ಕಂಪನಿಗೆ ಸೇರಿದ ಮೊದಲ ದಿನದಿಂದ ಅವಳು ಮಾಡುವ ಕೆಲಸವೇ ಅದು. ಅದನ್ನು ನಾವು ಕಾಲೇಜಿನಲ್ಲಿ ನಕಲು ಎಂದು ಕರೆಯುತ್ತೇವೆ.

ಹಿಂದಿನವರ ಕೋಡನ್ನು ಮುಂದಿನವರು ಎತ್ತಿಕೊಂಡರೆ ಏನಾಗುತ್ತದೆ ಎಂದು ನೋಡಲು ಈಗ ಅಮೆರಿಕದ ಬರ್ಕ್‌ಲಿಗೆ ಹೋಗೋಣ. 1973ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ ಎಂಬ ಇಬ್ಬರು ಮೇಷ್ಟರು ಇಂಗ್ರೆಸ್ ಎಂಬ ಡೇಟಾಬೇಸ್ ಯೋಜನೆ ಆರಂಭಿಸಿದರು. ಕೋಡ್ ಬರೆದವರು ಹೆಚ್ಚಾಗಿ ವಿದ್ಯಾರ್ಥಿಗಳು. ಒಬ್ಬರು ಪದವಿ ಮುಗಿಸಿ ಹೊರಟರೆ ಇನ್ನೊಬ್ಬರು ಅದೇ ಕೋಡಿನ ಮೇಲೆ ಕೂರುತ್ತಿದ್ದರು. ಅಲ್ಲಿ ದುಡಿದ ರಾಬರ್ಟ್ ಎಪ್‌ಸ್ಟೀನ್ ಮುಂದೆ ಸೈಬೇಸ್ ಕಂಪನಿ ಕಟ್ಟಿದವರಲ್ಲಿ ಒಬ್ಬ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಹುಟ್ಟಿದ್ದು ಆ ಸೈಬೇಸ್‌ನ ಕೋಡಿನಿಂದ. 1986ರಲ್ಲಿ ಸ್ಟೋನ್‌ಬ್ರೇಕರ್ ಮುಂದಿನ ಯೋಜನೆ ಶುರು ಮಾಡಿದಾಗ ಹೆಸರಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಇಂಗ್ರೆಸ್ ಆದ ಮೇಲಿನದು, ಆದ್ದರಿಂದ ಪೋಸ್ಟ್‌ಗ್ರೆಸ್. ನಮ್ಮ ಸಭೆಯಲ್ಲಾಗಿದ್ದರೆ ಆ ಶೀರ್ಷಿಕೆಯೇ ಪಾಸಾಗುತ್ತಿರಲಿಲ್ಲ.

ಆ ಯೋಜನೆಯ ಎರಡು ಸಂಗತಿಗಳು ನನಗೆ ಇಷ್ಟ. ಒಂದು, ಮೊದಲು ಅದರ ಸ್ವಲ್ಪ ಭಾಗವನ್ನು ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಕೈಸುಟ್ಟುಕೊಂಡರು. ಲಿಸ್ಪ್ ಬಳಸಿದ್ದು ದೊಡ್ಡ ತಪ್ಪು ಎಂದು 1990ರ ಪ್ರಬಂಧದಲ್ಲಿ ತಾವೇ ಅಚ್ಚು ಹಾಕಿಸಿದರು. ನಾನು ಸಹಿ ಹಾಕಿದ ನೂರಾರು ವರದಿಗಳಲ್ಲಿ "ಇದು ತಪ್ಪಾಯಿತು" ಎಂಬ ಒಂದು ವಾಕ್ಯ ಕಂಡಿದ್ದರೆ ನೆನಪಿರುತ್ತಿತ್ತು. ಇನ್ನೊಂದು, ಅದು ಮುಗಿದ ರೀತಿ. 1993ರ ಹೊತ್ತಿಗೆ ಹೊರಗಿನ ಬಳಕೆದಾರರು ಹೆಚ್ಚಾಗಿ, ಅವರ ತಕರಾರು ನೋಡಿಕೊಳ್ಳುವುದರಲ್ಲೇ ಸಂಶೋಧನೆಯ ಸಮಯವೆಲ್ಲ ಹೋಗತೊಡಗಿತು. ಅದಕ್ಕೇ 4.2ನೇ ಆವೃತ್ತಿಯೊಂದಿಗೆ ಯೋಜನೆಗೆ ಮಂಗಳ ಹಾಡಿದರು. ಜನ ಬಳಸುತ್ತಿದ್ದಾರೆ, ಅದಕ್ಕೆ ನಿಲ್ಲಿಸುತ್ತೇವೆ! ವಿಶ್ವವಿದ್ಯಾಲಯದ ಲೆಕ್ಕ ಎಲ್ಲ ಕಡೆಯೂ ಹೀಗೆಯೇ. ಪ್ರಬಂಧಕ್ಕೆ ಬೆಲೆ ಇದೆ, ನಿರ್ವಹಣೆಗೆ ಇಲ್ಲ. ಆದರೆ ಅವರು ಕೋಡನ್ನು ಬೀರುವಿನಲ್ಲಿ ಇಡಲಿಲ್ಲ. 1994ರಲ್ಲಿ ಆಂಡ್ರ್ಯೂ ಯು ಮತ್ತು ಜಾಲಿ ಚೆನ್ ಎಂಬ ಇಬ್ಬರು ವಿದ್ಯಾರ್ಥಿಗಳು ಅದನ್ನೇ ಎತ್ತಿಕೊಂಡು, ಡೇಟಾಬೇಸಿಗೆ ಪ್ರಶ್ನೆ ಕೇಳುವ ಎಸ್‌ಕ್ಯೂಎಲ್ ಭಾಷೆಯನ್ನು ಸೇರಿಸಿದರು. 1996ರಲ್ಲಿ ಅದು ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಆಯಿತು. ಬೆಂಗಳೂರಿನಲ್ಲಿ ಇವತ್ತು ಅದನ್ನು ನೋಡಿಕೊಂಡೇ ಸಂಬಳ ಎಣಿಸುವ ನನ್ನ ಹಳೆಯ ವಿದ್ಯಾರ್ಥಿಗಳು ಇದ್ದಾರೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2000ನೇ ಇಸವಿಯ ಕೊನೆಯಲ್ಲಿ ಶುರುವಾದ, ಕಂಪೈಲರ್ ಕಟ್ಟಲು ಬಳಸುವ ಎಲ್‌ಎಲ್‌ವಿಎಂ, ಬರ್ಕ್‌ಲಿಯಲ್ಲೇ 2009ರಲ್ಲಿ ಶುರುವಾದ, ರಾಶಿ ರಾಶಿ ಡೇಟಾ ಸಂಸ್ಕರಿಸುವ ಸ್ಪಾರ್ಕ್, ಇವುಗಳ ಜಾತಕವೂ ಹೆಚ್ಚುಕಡಿಮೆ ಇದೇ.

ಹಾಗೆಂದು ಅಲ್ಲಿ ಎಲ್ಲವೂ ನೆಟ್ಟಗಿದೆ ಎಂದು ತಿಳಿಯಬೇಡಿ. ಅರಿಜೋನಾ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಕೋಲ್‌ಬರ್ಗ್ ಮತ್ತು ಸಂಗಡಿಗರು ಕಂಪ್ಯೂಟರ್ ವಿಜ್ಞಾನದ 601 ಪ್ರಬಂಧಗಳನ್ನು ಹಿಡಿದುಕೊಂಡು ಅವುಗಳ ಕೋಡ್ ಸಿಗುತ್ತದೆಯೇ, ಸಿಕ್ಕರೆ ಬಿಲ್ಡ್ ಆಗುತ್ತದೆಯೇ, ಅಂದರೆ ಓಡಿಸಬಲ್ಲ ಪ್ರೋಗ್ರಾಂ ಆಗಿ ಕಟ್ಟಲು ಬರುತ್ತದೆಯೇ ಎಂದು ನೋಡಿದರು. ಓಡುವುದು ಆಮೇಲಿನ ಮಾತು. ಕೋಡನ್ನು ನೆಚ್ಚಿದ್ದ 402 ಪ್ರಬಂಧಗಳಲ್ಲಿ ಅರ್ಧ ಗಂಟೆಯೊಳಗೆ ಬಿಲ್ಡ್ ಆದದ್ದು ಸುಮಾರು ಮೂರನೇ ಒಂದು ಭಾಗ. ಕೋಡ್ ಕೇಳಿ ಪತ್ರ ಬರೆದಾಗ ಬಂದ ಸಬೂಬುಗಳಲ್ಲಿ ಬರೆದವನು ಬಿಟ್ಟುಹೋಗಿದ್ದಾನೆ ಎಂಬುದೂ ಒಂದು. "ಕೋಡ್ ಎಲ್ಲ ಅವಳ ಹತ್ತಿರವೇ ಇತ್ತು ಮೇಡಂ" ಎಂಬುದರ ಇಂಗ್ಲಿಷ್ ರೂಪ ಅದು. ಆದರೂ ಅವರು ಮದ್ದು ಹುಡುಕುತ್ತಿದ್ದಾರೆ. 2011ರಿಂದೀಚೆಗೆ ಸಾಫ್ಟ್‌ವೇರ್ ಎಂಜಿನಿಯರಿಂಗ್‌ನ ದೊಡ್ಡ ಸಮ್ಮೇಳನಗಳಲ್ಲಿ ಪ್ರಬಂಧದ ಜೊತೆ ಕೋಡನ್ನೂ ತರಿಸಿಕೊಂಡು, ಬೇರೆಯವರಿಂದ ಓಡಿಸಿ ನೋಡುವ ಪದ್ಧತಿ ಬೆಳೆದಿದೆ. ಬ್ರಿಟನ್ನಿನಲ್ಲಿ 2012ರ ಸುಮಾರಿಗೆ, ಸಂಶೋಧನೆಯ ಕೋಡ್ ಬರೆಯುವವರಿಗೆ ಒಂದು ಹುದ್ದೆಯ ಹೆಸರಾದರೂ ಇರಲಿ ಎಂದು ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್ ಎಂಬ ಪದ ಹುಟ್ಟಿತು.

ಹೀಗೆ ಕೈಯಿಂದ ಕೈಗೆ ದಾಟಿ ಉಳಿದ ಕೋಡಿಗೆ ನಮ್ಮ ಕಡೆಯ ಉದಾಹರಣೆ ಬೇಕೆಂದರೆ ನಾನು ಸಿಂಪ್ಯೂಟರ್ ಎನ್ನುತ್ತೇನೆ. ಅದನ್ನು ಸೋತ ಕತೆ ಎಂದೇ ಎಲ್ಲರೂ ಹೇಳುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ವಿಭಾಗದ ಮೇಷ್ಟರುಗಳು ಎನ್‌ಕೋರ್ ಎಂಬ ಸಾಫ್ಟ್‌ವೇರ್ ಕಂಪನಿಯವರ ಜೊತೆ ಸೇರಿ ಕಟ್ಟಿದ, ಕೈಯಲ್ಲಿ ಹಿಡಿಯುವ ಅಗ್ಗದ ಕಂಪ್ಯೂಟರ್ ಅದು. 2001ರಲ್ಲಿ ಜಗತ್ತೆಲ್ಲ ಅದರ ಬಗ್ಗೆ ಬರೆಯಿತು, 2004ರಲ್ಲಿ ಸರ್ಕಾರಿ ಕಂಪನಿ ಬಿಇಎಲ್‌ನಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂತು, ಅಷ್ಟು ಹೊತ್ತಿಗೆ ಮೊಬೈಲ್ ಫೋನ್ ಊರೂರು ಹೊಕ್ಕಿತ್ತು. ಯಂತ್ರ ಮೂಲೆ ಸೇರಿತು. ಆದರೆ ಓದಲು ಬಾರದವರಿಗೆ ಓದಿ ಹೇಳಬೇಕು ಎಂದು ಅದಕ್ಕಾಗಿಯೇ ಸಂಸ್ಥೆಯ ರಮೇಶ್ ಹರಿಹರನ್ ನೇತೃತ್ವದಲ್ಲಿ "ಧ್ವನಿ" ಎಂಬ ಪ್ರೋಗ್ರಾಂ ಬರೆದಿದ್ದರು. ನಮ್ಮ ಲಿಪಿಗಳಲ್ಲಿ ಬರೆದಂತೆ ಓದುವ ಸೌಲಭ್ಯ ಇದೆಯಲ್ಲ, ಅದನ್ನೇ ನೆಚ್ಚಿ, ಪಠ್ಯವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಧ್ವನಿಮುದ್ರಿಸಿಟ್ಟ ತುಣುಕುಗಳನ್ನು ಜೋಡಿಸಿ ನುಡಿಸುವ ಸರಳ ಉಪಾಯ. ಅದರ ಮೂಲ ಕೋಡ್ ಮುಕ್ತವಾಗಿತ್ತು. ಕೆಲವು ವರ್ಷಗಳ ಮೇಲೆ ಸಂತೋಷ್ ತೊಟ್ಟಿಂಗಲ್ ಎಂಬ ಮಲಯಾಳಿ ಎಂಜಿನಿಯರ್ ಅದನ್ನು ಎತ್ತಿಕೊಂಡು ತಿದ್ದಿ, ಮಲಯಾಳವೂ ಸೇರಿದಂತೆ ಇನ್ನಷ್ಟು ಭಾಷೆಗಳನ್ನು ಸೇರಿಸಿದರು. ಸಿಂಪ್ಯೂಟರ್ ನಿಂತ ಮೇಲೂ ಲಿನಕ್ಸ್ ಇರುವ ಸಾಮಾನ್ಯ ಕಂಪ್ಯೂಟರಿನಲ್ಲಿ ಅದು ಕನ್ನಡ ಓದುತ್ತಿತ್ತು. ದನಿ ಯಾಂತ್ರಿಕವಾಗಿತ್ತು, ಇಂದಿನ ಎಐ ದನಿಗಳ ಮುಂದೆ ಏನೂ ಅಲ್ಲ. ಆದರೂ ಯಂತ್ರದ ಸಂಗಡ ಅದು ಸಾಯಲಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಶೀರ್ಷಿಕೆ ಹೊಸದಾಗಿರಲೇಬೇಕು ಎಂಬುದನ್ನು ಕೈಬಿಡೋಣ. ಹೋದ ವರ್ಷದ ಮೂರು ಒಳ್ಳೆಯ ಪ್ರಾಜೆಕ್ಟ್‌ಗಳನ್ನು ಈ ವರ್ಷದವರಿಗೆ ಒಪ್ಪಿಸೋಣ. ವೈವಾದ ದಿನ ಬೇರೆ ತಂಡದ ಒಬ್ಬ ವಿದ್ಯಾರ್ಥಿ ಓಡಿಸುವ ಬಗೆಯನ್ನು ಬರೆದಿಟ್ಟ ರೀಡ್‌ಮಿ ಕಡತವನ್ನಷ್ಟೇ ನೋಡಿಕೊಂಡು ಪ್ರೋಗ್ರಾಂ ಅನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿ ತೋರಿಸಲಿ, ಅದಕ್ಕೆ ಅಂಕ ಇರಲಿ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಇದಕ್ಕೆ, "ಹಳೆಯ ಕೋಡ್ ಕೊಟ್ಟರೆ ಹುಡುಗರು ಅದನ್ನೇ ತೋರಿಸಿ ಹೋಗುತ್ತಾರೆ ಮೇಡಂ" ಎಂದರು. ಗಿಟ್‌ನಲ್ಲಿ ಇಟ್ಟರೆ ಯಾರು, ಯಾವ ದಿನ, ಯಾವ ಸಾಲು ತಿದ್ದಿದರು ಎಂದು ಕಾಣುತ್ತದೆ ಸರ್, ಈಗ ಕೋಡ್ ಎಲ್ಲಿಂದ ಬಂತು ಎಂದು ನಮಗೆ ಏನು ಗೊತ್ತಾಗುತ್ತಿದೆ ಎಂದೆ. ಅವರು ಇನ್ನೊಂದು ಮಾತು ಹೇಳಿದರು, ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ: "ವಾರಕ್ಕೆ ಹದಿನಾರು ಗಂಟೆ ಪಾಠ ಮಾಡಿ, ಐದು ತಂಡಗಳ ಕೋಡನ್ನು ಯಾವಾಗ ಓದುತ್ತೀರಿ?" ನಿಜ. ಓದಲು ಆಗುವುದಿಲ್ಲ. ಇಷ್ಟು ವರ್ಷ ನಾನೂ ಓದದೆಯೇ ಸಹಿ ಹಾಕಿದ್ದೇನೆ.

ವರದಿಗಳನ್ನು ತೂಕಕ್ಕೆ ಹಾಕಲು ಕೊನೆಗೂ ಒಪ್ಪಿದೆ. ಆದರೆ ಸಿಡಿಗಳನ್ನೆಲ್ಲ ಕಿತ್ತು ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿಟ್ಟಿದ್ದೇನೆ. ಸಿಡಿ ಡ್ರೈವ್ ಇರುವ ಒಂದು ಹಳೆಯ ಕಂಪ್ಯೂಟರ್ ಸ್ಟೋರ್ ರೂಮಿನಲ್ಲಿ ಸಿಕ್ಕಿದೆ, ದಿನಕ್ಕೆ ನಾಲ್ಕೈದರಂತೆ ಹಾಕಿ ನೋಡುತ್ತಿದ್ದೇನೆ. ಕೆಲವು ಓದುತ್ತವೆ, ಕೆಲವು ಗರ್ರೆಂದು ಸುಮ್ಮನಾಗುತ್ತವೆ. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಅಟ್ಟದ ಮೇಲೋ ಅಪ್ಪ ಅಮ್ಮನ ಮನೆಯ ಕಪಾಟಿನಲ್ಲೋ ನಿಮ್ಮ ಹಳೆಯ ಲ್ಯಾಪ್‌ಟಾಪ್ ಇದ್ದರೆ, ಒಮ್ಮೆ ತೆರೆದು ನೋಡಿ. ಪ್ರಾಜೆಕ್ಟ್ ಫೋಲ್ಡರ್ ಸಿಕ್ಕರೆ ಹಾಗೆಯೇ ಜಿಪ್ ಮಾಡಿ ನನಗೆ ಕಳುಹಿಸಿ. ಫೋಲ್ಡರಿನ ಹೆಸರು "ಫೈನಲ್ ಫೈನಲ್ 2" ಎಂದಿದ್ದರೂ ಪರವಾಗಿಲ್ಲ.