ಗ್ರಾಫ್ ಮೇಲೇರಿದರೆ ಸಾಕಾ?

ಆಟಿಸಂ ಇರುವ ಮಕ್ಕಳ ಬಿಹೇವಿಯರ್ ಥೆರಪಿ ನನ್ನ ಕೆಲಸ. ಅಪ್ಪ ಅಮ್ಮಂದಿರು ಬೇಜಾರಲ್ಲಿ ಕೇಳುವುದುಂಟು, "ಮೇಡಂ, ಮಗು ಜೊತೆ ಆಡೋದು ಬಿಟ್ಟು ಆ ಶೀಟಲ್ಲಿ ಏನು ಬರೀತಾನೇ ಇರ್ತೀರಿ?" ಬರೆಯಲೇಬೇಕು ಅನ್ನುವವಳು ನಾನು. ನನ್ನ ತಕರಾರು ಇರುವುದು ಏನನ್ನು ಬರೆಯುತ್ತೇವೆ ಅನ್ನುವುದರ ಬಗ್ಗೆ.

ನಮ್ಮ ನೆನಪನ್ನು ನಂಬುವ ಹಾಗಿಲ್ಲ. ಶುಕ್ರವಾರ ಮಗು ನಗುನಗುತ್ತಾ ಇದ್ದರೆ ಇಡೀ ವಾರವೇ ಚೆನ್ನಾಗಿತ್ತು ಅಂದುಬಿಡುತ್ತೇವೆ. "ಸುಮ್‌ಸುಮ್ನೆ ಕಿರುಚ್ತಾನೆ" ಅನ್ನುವ ಮಾತನ್ನೇ ತಗೊಳ್ಳಿ. ಮೂರು ಕಾಲಂ ಹಾಕಿ: ಕಿರುಚುವ ಮುಂಚೆ ಏನಾಗಿತ್ತು, ಮಗು ಏನು ಮಾಡಿತು, ಆಮೇಲೆ ಸುತ್ತ ಇದ್ದವರು ಏನು ಮಾಡಿದರು. ಇದಕ್ಕೆ ಎಬಿಸಿ ಶೀಟ್ ಅಂತ ಹೆಸರು. ಸ್ವಲ್ಪ ದಿನ ಬಿಡದೆ ಬರೆದರೆ ಎಷ್ಟೋ ಸಲ ಕಾರಣ ತಾನಾಗಿ ಎದ್ದು ಕಾಣುತ್ತದೆ. ಮಗು ತನ್ನ ಪಾಡಿಗೆ ಬ್ಲಾಕ್ಸ್ ಜೋಡಿಸುತ್ತಿರುತ್ತದೆ, ಯಾರೋ ಬಂದು ಒಂದು ಮಾತೂ ಹೇಳದೆ ಎತ್ತಿಕೊಂಡು ಹೋಗಿರುತ್ತಾರೆ. ನಮ್ಮನ್ನು ಹಾಗೆ ಎತ್ತಿಕೊಂಡು ಹೋದರೆ ನಾವೂ ಕಿರುಚುತ್ತೇವೆ ಅಲ್ವಾ?

1982ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಯಾನ್ ಇವಾಟಾ ಮತ್ತು ಜೊತೆಗಾರರು ಇದನ್ನೇ ಕಟ್ಟುನಿಟ್ಟಾಗಿ ಮಾಡಿದರು. ತಮಗೆ ತಾವೇ ಗಾಯ ಮಾಡಿಕೊಳ್ಳುವ 9 ಜನರನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಗಮನಿಸಿ ಎಣಿಸಿದರು. 6 ಜನರಲ್ಲಿ ಅದು ಒಂದು ನಿರ್ದಿಷ್ಟ ಸಂದರ್ಭದಲ್ಲೇ ಜಾಸ್ತಿಯಾಗುತ್ತಿತ್ತು. ಇನ್ನೊಂದು ಮಾತು. ಮಗು ದಿಢೀರಂತ ತಲೆ ಚಚ್ಚಿಕೊಳ್ಳಲು ಶುರು ಮಾಡಿದರೆ, ಶೀಟ್ ತುಂಬುವ ಮೊದಲೇ ಕಿವಿ, ಹಲ್ಲು, ಹೊಟ್ಟೆಯನ್ನು ಡಾಕ್ಟರಿಗೆ ತೋರಿಸಿ. ಮಾತು ಬಾರದ ಮಗು ನೋವನ್ನು ಹೀಗೂ ಹೇಳುತ್ತದೆ.

ಈಗ ತಕರಾರಿಗೆ ಬರುತ್ತೇನೆ. ಟೇಬಲ್ ಮೇಲೆ ಲೋಟ, ಚೆಂಡು, ಚಮಚ. "ಲೋಟ ಕೊಡು." 10 ಸಲ ಕೇಳಿದಾಗ 8 ಸಲ ಸರಿ. 80 ಪರ್ಸೆಂಟ್, ಕಲಿತಾಯ್ತು, ಮುಂದಿನ ಗುರಿ! ಆದರೆ ಪ್ರತಿ ಸಲವೂ ಥೆರಪಿಸ್ಟ್ ಕಣ್ಣು ಮೊದಲು ಲೋಟದ ಕಡೆ ಹೋಗಿತ್ತಾ? ಲೋಟ ಬಲಗಡೆಯೇ ಇತ್ತಾ? ಕೈ ಹಿಡಿದು ಕೊಡಿಸಿದ್ದಕ್ಕೂ ಪ್ಲಸ್ ಹಾಕಿದರಾ? ಪ್ರಾಂಪ್ಟ್, ಅಂದರೆ ಇಂಥ ಸಹಾಯ, ಎಷ್ಟು ಕೊಟ್ಟರು ಅಂತ ಬರೆಯದ ಪರ್ಸೆಂಟ್ ನನ್ನ ಮಟ್ಟಿಗೆ ಬರೀ ಅಲಂಕಾರ. ಇದಕ್ಕಿಂತ, ದಿನದ ಮೊದಲ ಸಲ ಸಹಾಯವಿಲ್ಲದೆ ಮಾಡಿತಾ ಅಂತ ಒಂದೇ ಗುರುತು ಹಾಕಿದರೂ ಎಷ್ಟೋ ಗೊತ್ತಾಗುತ್ತದೆ.

ರಂಪ ದಿನಕ್ಕೆ ಐದರಿಂದ ಎರಡಕ್ಕೆ ಇಳಿಯಿತು ಅಂತ ಗ್ರಾಫ್ ಹೇಳಬಹುದು. ಮೊದಲು ಎರಡು ನಿಮಿಷಕ್ಕೆ ಮುಗಿಯುತ್ತಿದ್ದದ್ದು ಈಗ ಇಪ್ಪತ್ತು ನಿಮಿಷ ಎಳೆಯುತ್ತಿದ್ದರೆ? ಎಷ್ಟು ಸಲ ಅಂತ ಮಾತ್ರ ಎಣಿಸಿದವರಿಗೆ ಅದು ಕಾಣುವುದೇ ಇಲ್ಲ.

ಇದಕ್ಕಿಂತ ದೊಡ್ಡದು, ಎಣಿಸಬೇಕಾದ್ದು ಯಾವುದು ಅಂತ ಯಾರು ಹೇಳಿದರು ಅನ್ನುವುದು. ಈ ಕ್ಷೇತ್ರದಲ್ಲಿ ಎಲ್ಲರೂ ಎತ್ತಿ ಹೇಳುವ, ಅಮೆರಿಕದ ಮನಶ್ಶಾಸ್ತ್ರಜ್ಞ ಲೋವಾಸ್ ಅವರ 1987ರ ಅಧ್ಯಯನ ನೋಡಿ. ವಾರಕ್ಕೆ ಸುಮಾರು 40 ಗಂಟೆ ಥೆರಪಿ ಪಡೆದ 19 ಮಕ್ಕಳಲ್ಲಿ 9 ಮಕ್ಕಳು "ನಾರ್ಮಲ್" ಆದರು ಅಂತ ಅದರ ಲೆಕ್ಕ. ಅಳೆದದ್ದು ಐಕ್ಯೂ ಮತ್ತು ಯಾವ ತರಗತಿಗೆ ಸೇರಿದರು ಅನ್ನುವುದನ್ನು. ಜೋರಾಗಿ ಗದರುವುದು, ಆಗಾಗ ತೊಡೆಗೆ ಹೊಡೆಯುವುದೂ ಆ ವಿಧಾನದೊಳಗೇ ಇತ್ತು. ಮಗುವಿಗೆ ಹೇಗನ್ನಿಸಿತು ಅನ್ನುವುದು ಆ ಲೆಕ್ಕಕ್ಕೆ ಬರಲೇ ಇಲ್ಲ. ಇವತ್ತು ದೊಡ್ಡವರಾಗಿರುವ ಆಟಿಸಂ ಇರುವವರು ಎಷ್ಟೋ ಜನ ಅದನ್ನೇ ಬರೆಯುತ್ತಿದ್ದಾರೆ. ಪದೇ ಪದೇ ಕೈ ಆಡಿಸುವುದನ್ನು ನಿಲ್ಲಿಸಿದರು, ಕಣ್ಣಲ್ಲಿ ಕಣ್ಣಿಟ್ಟು ನೋಡಿಸಿದರು, ಒಳಗೆ ಮಾತ್ರ ಹಿಂಸೆಯಾಗುತ್ತಿತ್ತು ಅಂತ. ಕೈ ಆಡಿಸುವುದು ಯಾರಿಗೂ ತೊಂದರೆ ಮಾಡದಿದ್ದರೆ ಅದನ್ನು ಎಣಿಸುವುದಾದರೂ ಯಾಕೆ?

ನನ್ನ ಶೀಟಿನಲ್ಲಿ ಇನ್ನೂ ಎರಡು ಕಾಲಂ ಇವೆ. ಮಗು "ಬೇಡ" ಅಂತ ತಿಳಿಸಿದ್ದು ಎಷ್ಟು ಸಲ. ಮಾತಲ್ಲೇ ಆಗಬೇಕಿಲ್ಲ, ಮುಖ ತಿರುಗಿಸಿದರೂ ಲೆಕ್ಕಕ್ಕಿದೆ. ಅದರಲ್ಲಿ ನಾವು ನಿಲ್ಲಿಸಿದ್ದು ಎಷ್ಟು ಸಲ. ಎರಡನೇ ಕಾಲಂ ಖಾಲಿ ಇದ್ದರೆ ಬದಲಾಗಬೇಕಾದ್ದು ಮಗು ಅಲ್ಲ, ನಾವು.

ಮುಂದಿನ ಮೀಟಿಂಗಲ್ಲಿ ಬಣ್ಣದ ಗ್ರಾಫ್ ತೋರಿಸಿದರೆ ನೋಡಿ, ಪರವಾಗಿಲ್ಲ. ಆಮೇಲೆ ಆ ದಿನದ್ದೇ ಕೈಬರಹದ ಶೀಟ್ ಕೇಳಿ, ಈ ಗುರಿ ಯಾಕೆ ಇಟ್ಟಿರಿ ಅಂತಲೂ ಕೇಳಿ. "ಅದೆಲ್ಲ ಟೆಕ್ನಿಕಲ್, ನಿಮಗೆ ಅರ್ಥ ಆಗಲ್ಲ" ಅನ್ನುವವರಿದ್ದರೆ ಬೇರೆ ಕಡೆ ವಿಚಾರಿಸಲು ಶುರು ಮಾಡಿ.